ಆನೆಕಾಲು ರೋಗದ ಚಿಕಿತ್ಸಾಫಲ: ಗುಲ್ಬರ್ಗಾ ಜಿಲ್ಲೆಯ ಒಂದು ಅಧ್ಯಯನದ ಪರಾಮರ್ಶೆ

ಇತಿಹಾಸದ ಅಧ್ಯಾಪಕರು ವೈದ್ಯಕೀಯ ಪ್ರಬಂಧವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ನಾಡಿ ಹಿಡಿಯಲು ಬಾರದವರು ಚಿಕಿತ್ಸೆಯ ಫಲಾಫಲಗಳನ್ನು ಕುರಿತು ಮಾತನಾಡುವುದೆಂತು ಎಂಬ ಪ್ರಶ್ನೆ ನ್ಯಾಯವಾದುದೇ. ನಮ್ಮ ಉತ್ತರ ಇಷ್ಟೆ: ಔಷಧದ ಗುಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಯಾರನ್ನು ಎಣಿಸಲಾಯಿತು, ಯಾರು ಎಣಿಕೆಯಿಂದ ಹೊರಗುಳಿದರು, ಎಷ್ಟು ಕಾಲವನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಾಯಿತು, ಯಾವ ಎಲ್ಲೆಯೊಳಗಿನ ಜನರನ್ನು ಒಂದೇ ಸಮುದಾಯವೆಂದು ಭಾವಿಸಲಾಯಿತು ಎಂಬಿವು ಶಾಸನವನ್ನೋ ಕಂದಾಯದ ದಫ್ತರವನ್ನೋ ಓದುವಾಗ ನಾವು ನಿತ್ಯವೂ ಕೇಳುವ ಪ್ರಶ್ನೆಗಳು. ರೋಗಿಗಳ ಪಟ್ಟಿಯೂ ಒಂದು ದಫ್ತರವೇ. ಅದನ್ನು ಆ ದೃಷ್ಟಿಯಿಂದ ಓದುವ ಅಧಿಕಾರ ನಮಗೆ ಉಂಟೆಂದು ಭಾವಿಸಿ ಈ ಕಾರ್ಯಕ್ಕೆ ಕೈಹಾಕಿದ್ದೇವೆ.

ನಾವು ಪರಾಮರ್ಶಿಸಲಿರುವುದು 2013ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಬಂಧ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಡಾ. ಎಸ್. ಆರ್. ನರಹರಿ ಮತ್ತು ಅವರ ಸಂಗಡಿಗರು ಇದರ ಕರ್ತೃಗಳು. ಆಕ್ಸ್‌ಫರ್ಡಿನ ಚರ್ಮವೈದ್ಯ ಟಿ. ಜೆ. ರಯನ್ ಅವರೂ ಅವರಲ್ಲೊಬ್ಬರು. ಆನೆಕಾಲು ರೋಗದಿಂದ ಊದಿದ ಕಾಲುಗಳಿಗೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಆರೈಕೆಯನ್ನು ಆಯುರ್ವೇದ, ಯೋಗ ಮತ್ತು ಆಧುನಿಕ ವೈದ್ಯಗಳ ಸಮ್ಮಿಶ್ರಣದಿಂದ ರೂಪಿಸಿ, ಅದನ್ನು ಎರಡು ಜಿಲ್ಲೆಗಳ ರೋಗಿಗಳಿಗೆ ಕಲಿಸಿ, ಫಲವನ್ನು ಅಳೆದು ನೋಡಿದ ವೃತ್ತಾಂತ ಇದರಲ್ಲಿದೆ. ಆ ಎರಡು ಜಿಲ್ಲೆಗಳಲ್ಲಿ ಒಂದು ಕೇರಳದ ಆಲಪ್ಪುಳ, ಇನ್ನೊಂದು ನಮ್ಮ ಗುಲ್ಬರ್ಗಾ. ನಮ್ಮ ಜಿಲ್ಲೆಯ ಬಡವರ ಕಾಲುಗಳು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಂಕಿಗಳಾಗಿ ಮುದ್ರಿತವಾಗಿವೆ ಎಂಬುದು ನಮ್ಮ ಕಾಲೇಜುಗಳಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಈ ಪರಾಮರ್ಶೆಗೆ ಅದೂ ಒಂದು ಕಾರಣ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಶರೀರದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸದ ನಾಳಗಳೂ ಉಂಟು. ರಕ್ತದಿಂದ ಒಸರಿ ಅಂಗಾಂಶಗಳಲ್ಲಿ ನಿಂತ ದ್ರವವನ್ನು ಮರಳಿ ರಕ್ತಕ್ಕೆ ಸಾಗಿಸುವುದು ಅವುಗಳ ಕಾರ್ಯ. ಕ್ಯೂಲೆಕ್ಸ್ ಜಾತಿಯ ಸೊಳ್ಳೆಯ ಕಡಿತದಿಂದ ಒಳಹೊಕ್ಕ ಫೈಲೇರಿಯಾ ಹುಳುಗಳು ಈ ನಾಳಗಳಲ್ಲಿ ವರ್ಷಗಟ್ಟಲೆ ವಾಸಮಾಡಿ ಅವುಗಳನ್ನು ಹಿಗ್ಗಿಸಿ ಕೆಡಿಸುತ್ತವೆ. ನಾಳ ಕೆಟ್ಟ ಮೇಲೆ ದ್ರವ ಕೆಳಗೆ ನಿಲ್ಲುತ್ತದೆ, ಕಾಲು ಬಾತುಕೊಳ್ಳುತ್ತದೆ. ಇಷ್ಟಕ್ಕೇ ನಿಂತಿದ್ದರೆ ರೋಗಿಯ ಕಷ್ಟ ಅರ್ಧ ಮಾತ್ರ. ನಿಜವಾದ ಉಪದ್ರವ ಮುಂದಿನದು. ಬಾತ ಕಾಲಿನ ಚರ್ಮ ಬಿರಿದು, ಬೆರಳ ಸಂದುಗಳಲ್ಲಿ ಹುಣ್ಣಾಗಿ, ಆ ಬಿರುಕುಗಳ ಮೂಲಕ ಬ್ಯಾಕ್ಟೀರಿಯಾಗಳು ಒಳಹೊಕ್ಕು, ಚಳಿಜ್ವರದೊಡನೆ ಕಾಲು ಕೆಂಪಗಾಗಿ ಉರಿಯುತ್ತದೆ. ಇಂತಹ ಒಂದೊಂದು ಜ್ವರವೂ ಕಾಲನ್ನು ಮತ್ತಷ್ಟು ದಪ್ಪ, ಮತ್ತಷ್ಟು ಗಡುಸು ಮಾಡಿ ಹೋಗುತ್ತದೆ. ಬ್ರೆಜಿಲಿನ ಡಾ. ಜೆರೂಸಾ ಡ್ರೆಯರ್ ಮೊದಲಾದವರು ಕಳೆದ ಶತಮಾನದ ಕೊನೆಯಲ್ಲಿ ಎತ್ತಿ ತೋರಿಸಿದ ಸಂಗತಿ ಇದು: ಹುಳು ಆರಂಭಿಸಿದ ಕೆಲಸವನ್ನು ಮುಂದುವರಿಸುವುದು ಬ್ಯಾಕ್ಟೀರಿಯಾ, ಆದುದರಿಂದ ಸಾಬೂನು, ನೀರು ಮತ್ತು ಒಣಬಟ್ಟೆಗಳೇ ಅರ್ಧ ಔಷಧ. ಹುಳುವನ್ನು ಕೊಲ್ಲುವ ಮಾತ್ರೆ ಒಮ್ಮೆ ಬಾತ ಕಾಲನ್ನು ಇಳಿಸಲಾರದು. ವಾಚಕರು ಈ ಭೇದವನ್ನು ನೆನಪಿನಲ್ಲಿಡಬೇಕು. ನಮ್ಮ ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಭಾಗದ ಇತಿಹಾಸದಲ್ಲಿ ಕಾಲಿನ ವ್ಯಾಧಿಯೊಂದು ಗ್ರಂಥಸ್ಥವಾಗಿರುವ ಪ್ರಸಿದ್ಧ ನಿದರ್ಶನ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನದು. 1436ರಿಂದ 1458ರವರೆಗೆ ಬೀದರಿನಿಂದ ಆಳಿದ ಈತ ಅಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸಲ್ಮಾನ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಫಿರಿಷ್ತಾ ಹೇಳುತ್ತಾನೆ. ಇದೇ ಸುಲ್ತಾನನಿಗೆ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕಾಲಿಗೆ ಗಾಯವಾಯಿತು, ಅದು ಮಾಯಲಿಲ್ಲ. ಅರಮನೆಯಿಂದ ಹೊರಬರಲಾರದ ಅರಸನು ತೀರಿಹೋದನೆಂಬ ವದಂತಿ ಹಬ್ಬಿ, ಅವನ ಸಂಬಂಧಿ ಜಲಾಲ್ ಖಾನನು ತೆಲಂಗಾಣದಲ್ಲಿ ದಂಗೆಯೆದ್ದನು. ಕಡೆಗೆ 1458ರಲ್ಲಿ ಆ ಕಾಲಿನ ವ್ಯಾಧಿಯಿಂದಲೇ ಸುಲ್ತಾನನು ಕಾಲವಾದನು. ಇಂದಿನ ಓದುಗರು ಇದನ್ನು ರಕ್ತನಾಳ ಕಟ್ಟಿ ಬಂದ ಗ್ಯಾಂಗ್ರೀನೆಂದೋ ಸಿಹಿಮೂತ್ರದ ಹುಣ್ಣೆಂದೋ ಹೆಸರಿಡಲು ಆತುರಪಡಬಹುದು. ಸುಮಾರು ನೂರೈವತ್ತು ವರ್ಷಗಳ ಅನಂತರ ಬಿಜಾಪುರದಲ್ಲಿ ಕುಳಿತು ಬರೆದ ಚರಿತ್ರಕಾರನ ಒಂದೆರಡು ವಾಕ್ಯಗಳಿಂದ ರೋಗನಿದಾನ ಮಾಡುವುದು ನಮಗೆ ಸಮ್ಮತವಲ್ಲ. ಇಲ್ಲಿ ನಮಗೆ ಬೇಕಾದುದು ಬೇರೆ. ಆ ಕಾಲಿನ ಉಪದ್ರವಗಳು ರಾಜ್ಯಕ್ಕೆ ತಗುಲಿದುದರಿಂದ ಅವು ದಾಖಲೆಗೆ ಬಂದವು. ಅದೇ ಆಸ್ಪತ್ರೆಯ ಬಾಗಿಲಿಗೆ ಬಂದಿರಬಹುದಾದ ರೈತನ ಕಾಲು ಗುಣವಾಯಿತೋ ಇಲ್ಲವೋ ಎಂಬ ಮಾತು ಯಾವ ಚರಿತ್ರೆಯಲ್ಲಿಯೂ ಇಲ್ಲ.

ಪ್ರಾಚೀನ ಶಾಸ್ತ್ರಗ್ರಂಥಗಳಲ್ಲಾದರೋ ರೋಗವುಂಟು, ರೋಗಿಯಿಲ್ಲ. ಆನೆಕಾಲನ್ನು ಶ್ಲೀಪದವೆಂದು ಕರೆಯುವ ಸುಶ್ರುತಸಂಹಿತೆಯು ಅದನ್ನು ವಾತ, ಪಿತ್ತ, ಕಫಗಳ ಭೇದದಿಂದ ಮೂರು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಕಾಲಿನ ಯಾವ ಸಿರೆಯಿಂದ ರಕ್ತ ತೆಗೆಯಬೇಕೆಂಬುದನ್ನು ವಿಧಿಸುತ್ತದೆ. ಅದಕ್ಕಿಂತ ಸ್ವಾರಸ್ಯವಾದುದು ಅದರ ಸಾಧ್ಯಾಸಾಧ್ಯ ವಿಚಾರ. ಒಂದು ಸಂವತ್ಸರ ಕಳೆದ, ಬಹಳ ದೊಡ್ಡದಾದ, ಹುತ್ತದಂತೆ ಗಂಟುಗಂಟಾಗಿ ಬೆಳೆದ, ಸ್ರವಿಸುವ ಶ್ಲೀಪದವನ್ನು ವೈದ್ಯನು ಕೈಬಿಡಬೇಕೆಂದು ಅಲ್ಲಿ ಹೇಳಿದೆ. ಚಿಕಿತ್ಸಾಫಲವನ್ನು ಕುರಿತು ನಮ್ಮ ದೇಶದಲ್ಲಿ ಬರೆದಿಟ್ಟ ಅತಿ ಪ್ರಾಚೀನ ಹೇಳಿಕೆಗಳಲ್ಲಿ ಇದೂ ಒಂದಾಗಿರಬೇಕು. ಅದರ ಕಾಲಮಾನ ಒಂದು ವರ್ಷ ಎಂಬುದನ್ನು ಇಲ್ಲಿ ಗುರುತಿಸಿಟ್ಟುಕೊಳ್ಳೋಣ, ಮುಂದೆ ಉಪಯೋಗಕ್ಕೆ ಬರುತ್ತದೆ. (ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ ಹೆಸರನ್ನೂ ಕನ್ನಡದಲ್ಲಿ ಕಲ್ಯಾಣಕಾರಕವನ್ನು ಬರೆದ ಜಗದ್ದಳ ಸೋಮನಾಥನ ಹೆಸರನ್ನೂ ಉಚ್ಚರಿಸಿ, ಮಳಖೇಡದ ನೆಲದಲ್ಲಿ ವೈದ್ಯ ಪ್ರಬಲವಾಗಿತ್ತೆಂದು ಹೆಮ್ಮೆಪಟ್ಟು ಅಲ್ಲಿಗೇ ನಿಲ್ಲುವುದು ನಮ್ಮ ಇತಿಹಾಸ ಲೇಖಕರ ವಾಡಿಕೆ. ಗ್ರಂಥವಿತ್ತೆಂಬುದರಿಂದ ಊರಿನಲ್ಲಿ ಚಿಕಿತ್ಸೆ ಇತ್ತೆಂದು ಸಿದ್ಧವಾಗುವುದಿಲ್ಲ.)

ಸುಶ್ರುತನ ಇನ್ನೊಂದು ಮಾತೂ ವಿಚಾರಾರ್ಹ. ಹಳೆಯ ನೀರು ನಿಲ್ಲುವ, ಎಲ್ಲ ಋತುಗಳಲ್ಲಿಯೂ ತಂಪಾಗಿರುವ ದೇಶಗಳಲ್ಲಿ ಶ್ಲೀಪದ ವಿಶೇಷವಾಗಿ ಉಂಟಾಗುವುದೆಂದು ಅವನ ಮತ. ಆಲಪ್ಪುಳದ ಹಿನ್ನೀರಿನ ಸೀಮೆಗೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಆಳಂದ ತಾಲೂಕಿನ ನಿಂಬರ್ಗಾದಂತಹ ಊರಿನಲ್ಲಿ ನಿಂತು ಓದಿದರೆ ಈ ಮಾತು ವಿಚಿತ್ರವೆನಿಸುತ್ತದೆ. ತೊಗರಿ, ಜೋಳ ಬೆಳೆಯುವ ಯರಿಭೂಮಿ; ವೈಶಾಖದ ಬಿಸಿಲಿಗೆ ಕೈಯಿಳಿಯುವಷ್ಟು ಬಿರುಕು ಬಿಡುವ ನೆಲ. ಇಲ್ಲಿ ಹಿನ್ನೀರೆಲ್ಲಿ, ಕೆಸರುಗದ್ದೆಯೆಲ್ಲಿ? ಆದರೂ ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆಗಳೆಂಬ ಬಯಲುಸೀಮೆಯ ಜಿಲ್ಲೆಗಳೇ ಕರಾವಳಿಯ ಜಿಲ್ಲೆಗಳೊಡನೆ ಕರ್ನಾಟಕದ ಆನೆಕಾಲು ಪೀಡಿತ ಪ್ರದೇಶಗಳ ಪಟ್ಟಿಯಲ್ಲಿ ಸೇರಿದ್ದವು. ಇದಕ್ಕೆ ಸಮಾಧಾನ ಸೊಳ್ಳೆಯ ಸ್ವಭಾವದಲ್ಲಿದೆ. ಕ್ಯೂಲೆಕ್ಸ್ ಸೊಳ್ಳೆಗೆ ಮಳೆಯ ನೀರೇ ಬೇಕೆಂದಿಲ್ಲ. ಬಚ್ಚಲಿನಿಂದ ಹೊರಬಂದು ಓಣಿಯಲ್ಲಿ ನಿಂತ ಕೊಳಕು ನೀರು ಅದಕ್ಕೆ ಸಾಕು. ದೇಶದ ತಂಪು ಮುಖ್ಯವಲ್ಲ, ಗಟಾರದ ನಿಲುಗಡೆ ಮುಖ್ಯ.

ಇನ್ನು ಸರ್ಕಾರಿ ದಾಖಲೆಗಳ ಸಂಗತಿ. 1881ರಿಂದ 1931ರವರೆಗಿನ ಜನಗಣತಿಗಳಲ್ಲಿ ಅಂಗವೈಕಲ್ಯಗಳ ಕೋಷ್ಟಕವೊಂದು ಇರುತ್ತಿತ್ತು. ಅದರಲ್ಲಿ ಎಣಿಸಿದುದು ಬುದ್ಧಿಭ್ರಮಣರನ್ನು, ಕಿವುಡ-ಮೂಕರನ್ನು, ಕುರುಡರನ್ನು, ಕುಷ್ಠರೋಗಿಗಳನ್ನು. ಆನೆಕಾಲಿನವರಿಗೆ ಅಲ್ಲಿ ಅಂಕಣವಿರಲಿಲ್ಲ. ಇದರ ಹಿಂದೆ ಹೆಸರಿನ ಗೊಂದಲವೂ ಇದೆ. ಗ್ರೀಕರು ಎಲಿಫೆಂಟಿಯಾಸಿಸ್ ಎಂದದ್ದು ಕುಷ್ಠವನ್ನು. ಅರಬ್ಬೀ ವೈದ್ಯರು ಆನೆಯ ರೋಗವೆಂದು ಕರೆದದ್ದು ಈ ಕಾಲಿನ ಬಾವನ್ನು. ಲ್ಯಾಟಿನ್ ಭಾಷಾಂತರಕಾರರು ಎರಡಕ್ಕೂ ಒಂದೇ ಪದವನ್ನು ಬಳಸಿ, ಒಂದನ್ನು ಗ್ರೀಕರದೆಂದೂ ಇನ್ನೊಂದನ್ನು ಅರಬ್ಬರದೆಂದೂ ಬೇರ್ಪಡಿಸಬೇಕಾಗಿ ಬಂದಿತು. ಆದುದರಿಂದ ಹಳೆಯ ಯುರೋಪಿಯನ್ ಬರಹಗಳಲ್ಲಿ ಆ ಪದವನ್ನು ಕಂಡ ಕೂಡಲೆ ನಮ್ಮ ಆನೆಕಾಲೆಂದು ಭಾವಿಸಿ ಪಟ್ಟಿಮಾಡುವ ಸಂಶೋಧಕರು ಎಚ್ಚರದಿಂದಿರಬೇಕು.

ವಿಜ್ಞಾನದ ಕಡೆಯಿಂದ ನೋಡಿದರೆ ಈ ರೋಗ ಉಪೇಕ್ಷಿತವಾಗಿರಲಿಲ್ಲ. 1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊತಿ ಲ್ಯೂಯಿಸ್ ರೋಗಿಯ ರಕ್ತದಲ್ಲಿ ಮರಿಹುಳುಗಳನ್ನು ಕಂಡನು. 1877ರಲ್ಲಿ ಚೀಣದ ಅಮೊಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು ತೋರಿಸಿದನು. ಅದೇ ಜಾಡಿನಲ್ಲಿ ನಡೆದ ರೊನಾಲ್ಡ್ ರಾಸ್ 1897ರಲ್ಲಿ, ಗುಲ್ಬರ್ಗಾ ಆಗ ಸೇರಿದ್ದ ಹೈದರಾಬಾದು ಸಂಸ್ಥಾನದ ಸಿಕಂದರಾಬಾದಿನಲ್ಲಿ, ಮಲೇರಿಯದ ಗುಟ್ಟನ್ನು ಬಿಡಿಸಿದನು. ಮಲೇರಿಯಕ್ಕೆ ದಾರಿ ತೋರಿದುದು ಆನೆಕಾಲು. ಆದರೆ ಕೀರ್ತಿಯೂ ಹಣವೂ ಮಲೇರಿಯದ ಪಾಲಿಗೆ ಹೋದವು. ಮಲೇರಿಯ ಕೊಲ್ಲುತ್ತದೆ, ಆನೆಕಾಲು ಕೊಲ್ಲುವುದಿಲ್ಲ. 1955ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತಾದರೂ, ಅದು ಬೇಗನೆ ಪಟ್ಟಣಗಳ ಗಟಾರಗಳಲ್ಲಿ ಸೊಳ್ಳೆಮರಿಗಳನ್ನು ನಾಶಮಾಡುವ ಕೆಲಸವಾಗಿ ಉಳಿಯಿತು. ಹಳ್ಳಿಗಳು ಅದರ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗೇ ಇದ್ದವು. 2004ರಿಂದ ಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಡಿ.ಇ.ಸಿ. ಮಾತ್ರೆ ಹಂಚುವ ಪದ್ಧತಿ ಬಂದಿತು. ಅನಂತರ ಆಲ್ಬೆಂಡಜೋಲನ್ನೂ ಅದರೊಡನೆ ಸೇರಿಸಲಾಯಿತು. ಇದು ಮುಂದಿನ ಪೀಳಿಗೆಯ ಕಾಲುಗಳನ್ನು ಉಳಿಸುವ ಉಪಾಯ. ಈಗಾಗಲೇ ಊದಿದ ಕಾಲಿನವರಿಗೆ ಏನು ಮಾಡಬೇಕು?

ನರಹರಿ ಮತ್ತು ಸಂಗಡಿಗರ ಪ್ರಬಂಧದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಎಲ್ಲರೂ ಹುಳುವಿನ ಹಿಂದೆ ಹೋದಾಗ ಇವರು ರೋಗಿಯ ಮನೆಗೆ ಹೋದರು. ಅವರು ಕಲಿಸಿದ ಆರೈಕೆಯಲ್ಲಿ ಚರ್ಮವನ್ನು ತೊಳೆದು ಒಣಗಿಸುವುದು, ತೈಲದಿಂದ ತೀಡುವುದು, ಸುಲಭವಾದ ಯೋಗಾಸನ ಮತ್ತು ಉಸಿರಾಟದ ಅಭ್ಯಾಸ, ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುವುದು ಮುಖ್ಯ. ಮೂರೂವರೆ ತಿಂಗಳ ಅನಂತರ 730 ಮಂದಿ ರೋಗಿಗಳ 851 ಅಂಗಗಳನ್ನು ಮತ್ತೆ ಅಳೆದಾಗ ಗಾತ್ರ ಗಣನೀಯವಾಗಿ ಇಳಿದಿತ್ತು, ಜ್ವರಬಾಧೆ ಕಡಿಮೆಯಾಗಿತ್ತು, ಜೀವನದ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಯಲ್ಲಿಯೂ ಸುಧಾರಣೆ ಕಂಡಿತು ಎಂದು ಲೇಖಕರು ವರದಿಮಾಡುತ್ತಾರೆ. ಆಸ್ಪತ್ರೆಯ ಮಂಚವಿಲ್ಲದೆ, ಬಡ ಹಳ್ಳಿಗಳಲ್ಲಿ ಇಷ್ಟನ್ನು ಸಾಧಿಸಿದುದು ಸಣ್ಣ ಮಾತಲ್ಲ. ಇದನ್ನು ಮೊದಲು ಒಪ್ಪಿಕೊಂಡೇ ನಮ್ಮ ಆಕ್ಷೇಪಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ ಎಲ್ಲೆಯ ಪ್ರಶ್ನೆ. ಆಲಪ್ಪುಳ ಮತ್ತು ಗುಲ್ಬರ್ಗಾಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಎಷ್ಟು ಯುಕ್ತ? ಆಲಪ್ಪುಳ ಜಿಲ್ಲೆಯ ಚೇರ್ತಲ ಪ್ರದೇಶ ಇತಿಹಾಸದಲ್ಲಿ ಬ್ರೂಜಿಯಾ ಎಂಬ ಬೇರೊಂದು ಜಾತಿಯ ಫೈಲೇರಿಯಾ ಹುಳುವಿಗೆ ಪ್ರಸಿದ್ಧ. ಅದನ್ನು ಹರಡುವ ಸೊಳ್ಳೆ ಕೆರೆಕುಂಟೆಗಳ ಅಂತರಗಂಗೆಯಂತಹ ಜಲಸಸ್ಯಗಳ ಬೇರಿಗೆ ಅಂಟಿಕೊಂಡು ಬೆಳೆಯುತ್ತದೆ. ಆ ಹುಳುವಿನ ಬಾವು ಸಾಮಾನ್ಯವಾಗಿ ಮೊಣಕಾಲಿನ ಕೆಳಗೇ ನಿಲ್ಲುತ್ತದೆ. ನಮ್ಮ ಭಾಗದ ವುಚೆರೇರಿಯಾ ಹುಳುವಿನ ಬಾಧೆ ತೊಡೆಯವರೆಗೂ, ಗಂಡಸರಲ್ಲಿ ವೃಷಣಕ್ಕೂ ಏರುತ್ತದೆ. ಅಕ್ಷರಜ್ಞಾನ, ನೀರಿನ ಅನುಕೂಲ, ಆಸ್ಪತ್ರೆಯ ದೂರ ಇವುಗಳಲ್ಲಿಯೂ ಎರಡು ಜಿಲ್ಲೆಗಳಿಗೆ ಅಜಗಜಾಂತರ. ಒಟ್ಟು ಅಂಕಿಯ ಗೆಲವು ಎರಡೂ ಕಡೆಯ ಗೆಲವೋ, ಒಂದು ಕಡೆಯದು ಇನ್ನೊಂದನ್ನು ಹೊತ್ತು ನಡೆದುದೋ ಎಂಬುದನ್ನು ಓದುಗನು ಬೇರ್ಪಡಿಸಿ ನೋಡಬೇಕು. ಮೇಲಾಗಿ ಗುಲ್ಬರ್ಗಾ ಎಂಬ ಹೆಸರೇ ಸ್ಥಿರವಾದುದಲ್ಲ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು; 2014ರ ನವೆಂಬರಿನಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. ಹಿಂದಿನ ರೋಗಪಟ್ಟಿಗಳ ಗುಲ್ಬರ್ಗಾವನ್ನು ಇಂದಿನ ಕಲಬುರಗಿಯೊಡನೆ ಹೋಲಿಸಿ, ರೋಗ ಇಳಿಯಿತೆಂದು ಸಾರುವವರು ಒಂದು ಜಿಲ್ಲೆಯನ್ನು ಎರಡಾಗಿ ಸೀಳಿದುದನ್ನು ಮರೆಯಬಾರದು. ನಮ್ಮ ಪದವಿ ತರಗತಿಗಳಲ್ಲಿ ಬಹಮನಿ ತರಫುಗಳ ಎಲ್ಲೆಗಳನ್ನು ಕುರಿತು ಹೇಳುವ ಎಚ್ಚರಿಕೆಯನ್ನು ಆರೋಗ್ಯ ಇಲಾಖೆಯ ಅಂಕಿಗಳಿಗೂ ಅನ್ವಯಿಸತಕ್ಕದ್ದು.

ಎರಡನೆಯದು ಕಾಲದ ಪ್ರಶ್ನೆ. ಇದನ್ನು ನಾವು ಹೆಚ್ಚು ಗುರುತರವೆಂದು ಎಣಿಸುತ್ತೇವೆ. ಮೂರೂವರೆ ತಿಂಗಳು ಎಂದರೆ ಬಯಲುಸೀಮೆಯಲ್ಲಿ ಒಂದು ಹಂಗಾಮು ಮಾತ್ರ. ಬಾತ ಕಾಲಿಗೆ ಜ್ವರ ತರುವುದು ಒದ್ದೆ ಮತ್ತು ಬಿರುಕು. ಆಷಾಢದಲ್ಲಿ ತೊಗರಿ ಬಿತ್ತಿದ ಮೇಲೆ ಶ್ರಾವಣ ಭಾದ್ರಪದಗಳಲ್ಲಿ ಕಳೆ ತೆಗೆಯುವ ಕೆಲಸ. ಅದು ಹೆಂಗಸರ ಪಾಲಿನದು. ಯರಿಮಣ್ಣು ಹಸಿಯಾದಾಗ ಕಾಲಿಗೆ ಮೆತ್ತಿದರೆ ಸುಲಭವಾಗಿ ಬಿಡುವಂತಹುದಲ್ಲ. ದಿನವೆಲ್ಲ ಬೆರಳ ಸಂದಿನಲ್ಲಿ ಒದ್ದೆ ನಿಲ್ಲುತ್ತದೆ. ಅದೇ ಹೆಂಗಸು ಮಾಘ ಫಾಲ್ಗುಣಗಳಲ್ಲಿ ರಾಶಿ ಮುಗಿಸಿ ಮನೆಯಲ್ಲಿದ್ದಾಗ ಅಳತೆ ಮಾಡಿದರೆ ಜ್ವರಬಾಧೆ ತಾನಾಗಿಯೇ ಇಳಿದಂತೆ ಕಾಣಬಹುದು. ಪೂರ್ಣ ಸಂವತ್ಸರವೊಂದನ್ನು ಸುತ್ತಿಬರದ ಲೆಕ್ಕದಲ್ಲಿ ಚಿಕಿತ್ಸೆಯ ಗುಣವೆಷ್ಟು, ಋತುವಿನ ಗುಣವೆಷ್ಟು ಎಂದು ಬಿಡಿಸುವುದು ಕಷ್ಟ. ಸುಶ್ರುತನು ಕೊಟ್ಟ ಒಂದು ವರ್ಷದ ಗಡುವು ಬೇರೆ ಕಾರಣಕ್ಕಾಗಿ ಹೇಳಿದುದಾದರೂ, ಅಳತೆಗೋಲಾಗಿ ಅದು ಮೂರೂವರೆ ತಿಂಗಳಿಗಿಂತ ಮೇಲೆಂದು ನಮ್ಮ ಅಭಿಪ್ರಾಯ.

ಮೂರನೆಯದಾಗಿ, 730 ಎಂಬುದು ಕೊನೆಯವರೆಗೆ ಉಳಿದವರ ಸಂಖ್ಯೆ. ದಿನಕ್ಕೆ ಇಷ್ಟು ಹೊತ್ತು ಕಾಲಿಗಾಗಿ ತೆಗೆದಿಡಬಲ್ಲವರು, ಕೂಲಿ ಬಿಟ್ಟು ಶಿಬಿರಕ್ಕೆ ಮತ್ತೆ ಬರಬಲ್ಲವರು, ಪಟ್ಟಿ ಸುತ್ತಲು ಮನೆಯಲ್ಲಿ ಇನ್ನೊಬ್ಬರ ನೆರವಿದ್ದವರು ಉಳಿಯುವುದು ಸಹಜ. ಅರ್ಧದಲ್ಲಿ ಬಿಟ್ಟವರು ಯಾರು? ಕಾಲು ಇಳಿಯಿತೆಂದು ಬಿಟ್ಟರೋ, ಇಳಿಯಲಿಲ್ಲವೆಂದು ಬಿಟ್ಟರೋ, ದುಡಿಮೆಗೆ ಮುಂಬಯಿ ಪುಣೆಗಳ ಕಡೆ ಹೋದರೋ? ಸಾಮ್ರಾಜ್ಯಗಳ ಇತಿಹಾಸವನ್ನು ಗೆದ್ದವರು ಬರೆಯುತ್ತಾರೆಂದು ನಾವು ಹೇಳುತ್ತಿರುತ್ತೇವೆ. ಚಿಕಿತ್ಸೆಯ ಇತಿಹಾಸವನ್ನು ಉಳಿದವರು ಬರೆಯುತ್ತಾರೆ.

ನಾಲ್ಕನೆಯ ಆಕ್ಷೇಪವನ್ನು ವೈದ್ಯರೇ ಚೆನ್ನಾಗಿ ಬಲ್ಲರು, ಆದುದರಿಂದ ಬೇಗ ಮುಗಿಸುತ್ತೇವೆ. ರೋಗಿಗಳನ್ನು ಚೀಟಿಯೆತ್ತಿ ಎರಡು ಪಂಗಡ ಮಾಡಿ, ಒಂದಕ್ಕೆ ಬರಿಯ ಸಾಬೂನು ನೀರು, ಇನ್ನೊಂದಕ್ಕೆ ಪೂರ್ಣ ಕ್ರಮವೆಂದು ಹೋಲಿಸಿ ನೋಡಿದುದಲ್ಲ. ಇದನ್ನು ಲೇಖಕರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿಯೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಆದಕಾರಣ ಕಾಲಿಳಿಸಿದುದು ತೈಲವೋ, ಆಸನವೋ, ಪಟ್ಟಿಯೋ, ಬರಿಯ ಶುಚಿತ್ವವೋ ಎಂಬುದು ತೀರ್ಮಾನವಾಗಲಿಲ್ಲ. ರೋಗಿಗೆ ಈ ಭೇದ ಬೇಕಿಲ್ಲದಿರಬಹುದು. ಆದರೆ ತೈಲಕ್ಕೂ ಪಟ್ಟಿಗೂ ಹಣ ಬೀಳುತ್ತದೆ. ಕಡಿಮೆ ಖರ್ಚಿನ ಅರ್ಧ ಸಾಕಾಗಿದ್ದರೆ ಅದನ್ನು ತಿಳಿಯುವ ಹಕ್ಕು ಬಡವನಿಗೆ ಉಂಟು. ಇಲ್ಲಿ ಒಂದು ಹೋಲಿಕೆ ಮನಸ್ಸನ್ನು ಕಲಕುತ್ತದೆ. ನೆರೆಯ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಐವರ್ಮೆಕ್ಟಿನ್ ಸೇರಿದ ಮೂರು ಔಷಧಿಗಳನ್ನು ಹಳೆಯ ಎರಡು ಔಷಧಿಗಳೊಡನೆ ಹೋಲಿಸಿ, ಸಾವಿರಾರು ಜನರ ಮೇಲೆ ಚೀಟಿಯೆತ್ತುವ ವಿಧಾನದಿಂದಲೇ ಪರೀಕ್ಷೆ ನಡೆದು ಅದರ ಫಲ 2021ರಲ್ಲಿ ಪ್ರಕಟವಾಯಿತು. ಹುಳುವನ್ನು ಕೊಲ್ಲುವ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಪ್ರಮಾಣವನ್ನು ಸಂಪಾದಿಸಿದ ಈ ಸೀಮೆಯಲ್ಲಿ, ಊದಿದ ಕಾಲಿನ ಆರೈಕೆಗೆ ಅಷ್ಟು ಶ್ರಮಪಡುವವರು ಕಾಸರಗೋಡಿನ ಒಂದು ಸಣ್ಣ ಸಂಸ್ಥೆಯವರೇ ಆಗಬೇಕಾಯಿತೆ? ಕೊರತೆ ಇವರದಲ್ಲ, ಇವರಿಗೆ ಜೊತೆ ಕೊಡಬೇಕಾದವರದು.

ಇಷ್ಟನ್ನು ಪುಸ್ತಕದ ಮುಂದೆ ಕುಳಿತೇ ಬರೆಯಬಹುದಾಗಿತ್ತು. ಆದರೆ ಕಳೆದ ವರ್ಷ ನಮ್ಮ ವಿದ್ಯಾರ್ಥಿಗಳೊಡನೆ ನಿಂಬರ್ಗಾ ಹೋಬಳಿಯಲ್ಲಿ ಮೌಖಿಕ ಇತಿಹಾಸ ಸಂಗ್ರಹಿಸಲು ಹೋದಾಗ ಕಂಡ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸುವುದು ಅವಶ್ಯಕ. (ಇಂಡಿ ತಾಲೂಕಿನ ನಿಂಬರಗಿಯೊಡನೆ ಈ ನಿಂಬರ್ಗಾವನ್ನು ಗೊಂದಲಿಸಬಾರದು; ಗ್ರಂಥಾಲಯದ ಸೂಚಿಗಳಲ್ಲಿಯೂ ಈ ತಪ್ಪು ನುಸುಳುವುದುಂಟು.) ನಾವು ಹೋದದ್ದು 1972ರ ಬರಗಾಲದ ನೆನಪುಗಳಿಗಾಗಿ. ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದುದನ್ನು ಹೇಳುತ್ತ, ಆ ವರ್ಷವೇ ತಮ್ಮ ಎಡಗಾಲು ಮೊದಲ ಸಲ ಬಾತಿತೆಂದರು. ಕಾಯಿಲೆಯ ಅವಧಿ ಎಷ್ಟು ವರ್ಷ ಎಂಬ ಅಂಕಣ ಎಲ್ಲ ರೋಗಿಪಟ್ಟಿಗಳಲ್ಲಿಯೂ ಇರುತ್ತದೆ. ಅವರು ವರ್ಷಗಳನ್ನು ಎಣಿಸಲಿಲ್ಲ. ಜ್ವರಗಳನ್ನು ಎಣಿಸಿದರು, ಒಂದೊಂದು ಜ್ವರಕ್ಕೂ ಒಂದು ಗುರುತು ಕೊಟ್ಟರು: ಹಿರಿಮಗನ ಬಾಣಂತನ, ಎತ್ತು ಸತ್ತ ಮಳೆಗಾಲ, ಮಗಳ ಮದುವೆ. ಎರಡನೆಯ ಜ್ವರದ ಮೇಲೆ ಕಾಲುಂಗುರ ಬೆರಳಿಗೆ ಕಚ್ಚಿಕೊಂಡು, ಪತ್ತಾರನನ್ನು ಕರೆಸಿ ಕತ್ತರಿಸಿ ತೆಗೆಸಬೇಕಾಯಿತಂತೆ. ಗಂಡ ಇಂದಿಗೂ ಇದ್ದಾರೆ. ಉಡಿ ತುಂಬುವಾಗ ಸೇರಿದ ಹೆಂಗಸರು ಮೊದಲು ನೋಡುವುದು ಕಾಲನ್ನು. ಆದಕಾರಣ ಅಂತಹ ಕಡೆ ಹೋಗುವುದನ್ನೇ ಅವರು ಬಿಟ್ಟರು. ಚಿಕಿತ್ಸೆಯಿಂದ ಕಾಲು ಕಡಿಮೆಯಾಯಿತೇ ಆಯಿ, ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವರ ಉತ್ತರವನ್ನು ಅವರ ಮಾತಿನಲ್ಲಿಯೇ ಕೊಡುತ್ತೇವೆ: “ಕಾಲು ಎಷ್ಟು ಇಳದದ ಅಂತ ಟೇಪ ಹಿಡದು ನೋಡ್ತಾರವ್ವ. ಕಾಲುಂಗರ ಬರ್ತದೇನು ಅಂತ ಯಾರೂ ಕೇಳಂಗಿಲ್ಲ.”

ಈ ವೃದ್ಧೆ ನರಹರಿಯವರ ಅಧ್ಯಯನಕ್ಕೆ ಸೇರಿದವರಲ್ಲ. ಅವರ ಮಾತನ್ನು ಆ ಪ್ರಬಂಧದ ಮೇಲೆ ದೋಷಾರೋಪಣೆಯಾಗಿ ಬಳಸುವುದು ಅನ್ಯಾಯ. ಆ ಲೇಖಕರು ಗಾತ್ರದೊಡನೆ ಜೀವನದ ಗುಣಮಟ್ಟವನ್ನೂ ಕೇಳಿದ್ದಾರೆ, ಇತರರು ಅಷ್ಟನ್ನೂ ಮಾಡುವುದಿಲ್ಲ. ನಮ್ಮ ತಕರಾರು ಸೂಕ್ಷ್ಮವಾದುದು. ಎಲ್ಲ ಊರುಗಳಿಗೂ ಒಪ್ಪುವಂತೆ ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ ನಿಂಬರ್ಗಾದ ಕಾಲುಂಗುರಕ್ಕೆ ಸ್ಥಳ ದೊರೆಯುವುದು ಕಷ್ಟ. ಕಾಲು ಲೀಟರುಗಳ ಲೆಕ್ಕದಲ್ಲಿ ಇಳಿದೂ ಬೆರಳು ಹಾಗೆಯೇ ಉಳಿದರೆ ವೈದ್ಯರ ಪುಸ್ತಕದಲ್ಲಿ ಗೆಲವು, ರೋಗಿಯ ಮನೆಯಲ್ಲಿ ಸೋಲು. ಕಾಲು ಇಳಿಯದೆಯೂ ಎರಡು ವರ್ಷ ಜ್ವರ ಬಾರದಿದ್ದರೆ ಕೂಲಿ ತಪ್ಪದೆ ಸಂಸಾರ ನಡೆಯುತ್ತದೆ. ಅದು ಪುಸ್ತಕದಲ್ಲಿ ಸಣ್ಣ ಲಾಭ, ಮನೆಯಲ್ಲಿ ದೊಡ್ಡದು.

ನೀರಿನ ವಿಷಯವನ್ನೂ ಹೇಳಬೇಕು. ದಿನಕ್ಕೆ ಎರಡು ಸಲ ಶುದ್ಧ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಒಣಗಿಸಬೇಕೆಂಬುದು ಆರೈಕೆಯ ಮೊದಲ ಪಾಠ. ಬೇಸಗೆಯಲ್ಲಿ ನೀರು ತರುವವರು ಅದೇ ಊದಿದ ಕಾಲಿನ ಹೆಂಗಸರು ಎಂಬುದನ್ನು ಪಾಠ ಹೇಳುವವರು ಗಮನಿಸಿದಂತಿಲ್ಲ. ಇನ್ನೂ ಒಂದು ವಿಪರ್ಯಾಸ ನಮ್ಮ ಕಣ್ಣಿಗೆ ಬಿತ್ತು. ಕಾಲು ತೊಳೆದ ನೀರು ಬಚ್ಚಲಿನ ತೂತಿನಿಂದ ಹೊರಬಿದ್ದು ಗೋಡೆಯ ಪಕ್ಕದ ತಗ್ಗಿನಲ್ಲಿ ನಿಂತಿತ್ತು. ಓಣಿಗೆ ಚರಂಡಿ ಇರಲಿಲ್ಲ. ಒಂದು ತಲೆಮಾರಿನ ಕಾಲನ್ನು ಆರೈಕೆ ಮಾಡಿದ ನೀರೇ ಮುಂದಿನ ತಲೆಮಾರಿಗೆ ಸೊಳ್ಳೆ ಸಾಕುವ ಕೊಳವಾಗಬಹುದು. ಪ್ರಬಂಧದ ಲೇಖಕರು ಚರಂಡಿ ಕಟ್ಟಲು ಬಂದವರಲ್ಲವಾದುದರಿಂದ ಇದನ್ನು ಅವರ ತಲೆಗೆ ಕಟ್ಟುವಂತಿಲ್ಲ. ಆದರೆ ಚಿಕಿತ್ಸೆಯ ಫಲವನ್ನು ಮನೆಯೊಳಗೆ ಮಾತ್ರ ಅಳೆಯುವ ಪದ್ಧತಿಗೆ ಇದು ಎಷ್ಟೂ ಕಾಣದು.

ಕಡೆಯದಾಗಿ ಒಂದು ಮಾತು. ಪ್ರಬಂಧವು ಅಂಗಗಳ ಬಾವನ್ನು ಕುರಿತದ್ದು. ವುಚೆರೇರಿಯಾ ಹುಳುವಿನಿಂದ ಗಂಡಸರಿಗೆ ಬರುವ ಅತಿ ಸಾಮಾನ್ಯವಾದ ಉಪದ್ರವ ಕಾಲಿನದಲ್ಲ, ವೃಷಣದಲ್ಲಿ ನೀರು ತುಂಬುವುದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು, ಅದು ಬಹುಮಟ್ಟಿಗೆ ಗುಣವಾಗುವಂತಹುದೂ ಹೌದು. ನಿಂಬರ್ಗಾದಲ್ಲಿ ಹೆಂಗಸರು ಪರಿಚಯವಾದ ಮೇಲೆ ಸೀರೆಯ ಅಂಚನ್ನು ಸರಿಸಿ ಕಾಲು ತೋರಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರನ್ನು ನಾವು ಈ ಇನ್ನೊಂದು ವಿಷಯವಾಗಿ ಕೇಳಿದಾಗ, ಅವರು ತೊಗರಿಯ ದರದ ಮಾತನ್ನೆತ್ತಿದರು. ನಾವು ಮತ್ತೆ ಕೇಳಿದೆವು. ಅವರಲ್ಲಿ ಹಿರಿಯರೊಬ್ಬರು ಎದ್ದು, ಬಸ್ಸಿನ ಹೊತ್ತಾಯಿತೆಂದು ನಮಗೆ ನೆನಪು ಮಾಡಿದರು.